ಪೆಟ್ಟಿನ ನಂತರ ಉಳಿಯುವ ನಾದ

ನಿನ್ನೆ ರಾತ್ರಿ ಅಮೆರಿಕದ ಗಾಯಕ ಮಾರ್ವಿನ್ ಗೇ 1982ರಲ್ಲಿ ಹಾಡಿದ ಹಾಡೊಂದನ್ನು ಕೇಳುತ್ತಿದ್ದಾಗ, ಗಾಯಕನ ದನಿಗಿಂತ ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಹಿಂದೆ ಮೆಲ್ಲನೆ ಬಡಿಯುತ್ತಿದ್ದ ರೋಲ್ಯಾಂಡ್ ಟಿಆರ್-808 ಎಂಬ ತಾಳಯಂತ್ರ. 1980ರಲ್ಲಿ ಜಪಾನಿನಿಂದ ಬಂದ ಈ ಯಂತ್ರದೊಳಗೆ ನಿಜವಾದ ಡ್ರಮ್ಮಿನ ಧ್ವನಿಮುದ್ರಣ ಒಂದೂ ಇಲ್ಲ; ಪ್ರತಿ ಪೆಟ್ಟನ್ನೂ ವಿದ್ಯುನ್ಮಂಡಲಗಳೇ ಹುಟ್ಟಿಸುತ್ತವೆ. ಹಲವರಿಗೆ ಅದು ಡ್ರಮ್ಮಿನಂತೆ ಕೇಳಿಸಲೇ ಇಲ್ಲ, 1983ರಲ್ಲಿ ತಯಾರಿಕೆಯೂ ನಿಂತಿತು. ಆದರೆ ಬೆಲೆ ಇಳಿದ ಹಳೆಯ ಯಂತ್ರಗಳನ್ನು ಕೊಂಡ ಹಿಪ್‌ಹಾಪ್ ಕಲಾವಿದರು, ಬಾಸ್ ಡ್ರಮ್ಮಿನ ಪೆಟ್ಟು ಬಿದ್ದ ಮೇಲೂ ಉಳಿಯುವ ಗುಂಕಾರವನ್ನು ಉದ್ದಕ್ಕೆ ಎಳೆದರು. ಮುಂದೆ ಅದನ್ನೇ ಶ್ರುತಿಗೂಡಿಸಿ ಹಾಡಿನ ಮಂದ್ರಸ್ವರಗಳನ್ನಾಗಿ ನುಡಿಸುವ ರೂಢಿಯೂ ಬಂದಿತು. ತಬಲಾ ಜೋಡಿಯ ದೊಡ್ಡ ವಾದ್ಯವಾದ ಡಗ್ಗಾದ ಮೇಲೆ ಅಂಗೈ ಜಾರಿದಾಗ ಏಳುವ ನಾದವನ್ನು ಪ್ರೀತಿಸುವ ನನಗೆ, ತಾಳವು ಹೀಗೆ ಸ್ವರವಾಗುವುದು ಬಹಳ ಆಪ್ತವೆನಿಸುತ್ತದೆ.