ಎಡಗಡೆ ಕಾರ್ಬುರೇಟರಿನ ಪೆಟ್ರೋಲ್ ಮಟ್ಟ: ಇಲ್ಲಿವರೆಗೆ ಆದ ಕೆಲಸ

ಹಳೆಯ ಎರಡು ಸಿಲಿಂಡರಿನ ಬೈಕು, ಎರಡು ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ). ಸ್ಟಾರ್ಟ್ ಚೆನ್ನಾಗಿಯೇ ಆಗುತ್ತಿತ್ತು. ಆದರೆ ಪೆಟ್ರೋಲ್ ಕಾಕ್ ಆನ್ ಇಟ್ಟು ನಿಲ್ಲಿಸಿದರೆ ಎಡಗಡೆಯ ಓವರ್‌ಫ್ಲೋ ಪೈಪಿನಿಂದ ತೊಟ್ಟು ತೊಟ್ಟಾಗಿ ಪೆಟ್ರೋಲ್ ಬೀಳುತ್ತಿತ್ತು. ಓಡಿಸಿ ಬಂದು ಪ್ಲಗ್ ಬಿಚ್ಚಿದರೆ ಬಲಗಡೆಯದು ಹದವಾದ ಕಂದು, ಎಡಗಡೆಯದು ಪೂರ್ತಿ ಮಸಿ, ಅಂದರೆ ಆ ಕಡೆ ಪೆಟ್ರೋಲ್ ಜಾಸ್ತಿ. ಟ್ಯಾಂಕ್ ಫುಲ್ ಇದ್ದಾಗ ಸೋರಿಕೆ ಜಾಸ್ತಿ, ಅರ್ಧಕ್ಕೆ ಇಳಿದ ಮೇಲೆ ಕಡಿಮೆ. ಮೇಲಿನಿಂದ ಬರುವ ಒತ್ತಡ ತಡೆಯಲಾಗದೆ ಎಲ್ಲೋ ಜಿನುಗುತ್ತಿದೆ ಅಂತ ಅಲ್ಲಿಗೇ ಅನುಮಾನ ಶುರುವಾಯಿತು.

ಕಾರ್ಬುರೇಟರಿಗೆ ಕೈ ಹಾಕುವ ಮೊದಲು ಎಂಜಿನ್ ಆಯಿಲ್ ನೋಡಿದೆ. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಉಕ್ಕಿದ ಪೆಟ್ರೋಲ್ ಎಲ್ಲಾ ಹೊರಗೇ ಬೀಳುತ್ತೆ ಅಂತೇನಿಲ್ಲ. ಒಂದಷ್ಟು ಇನ್‌ಟೇಕ್ ಕಡೆ ಹರಿದು, ಸಿಲಿಂಡರಿಗೆ ಇಳಿದು, ಪಿಸ್ಟನ್ ರಿಂಗ್ ಸಂದಿಯಲ್ಲಿ ಇಳಿದು ಆಯಿಲಿಗೆ ಸೇರುತ್ತೆ. ಆಯಿಲ್ ಮಟ್ಟ ತಾನಾಗೇ ಏರಿದ್ದರೆ, ಪೆಟ್ರೋಲ್ ವಾಸನೆ ಹೊಡೆದರೆ, ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ, ಮೊದಲು ಆಯಿಲ್ ಬದಲಿಸಿ. ನನ್ನದರಲ್ಲಿ ಸ್ವಲ್ಪ ವಾಸನೆ ಇತ್ತು, ಚೆಲ್ಲಿ ಹೊಸದು ಹಾಕಿದೆ.

ಆಮೇಲೆ ಬೌಲ್, ಅಂದರೆ ಕಾರ್ಬುರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು, ಬಿಚ್ಚಿದೆ. ಒಳಗಿನ ಲೆಕ್ಕ ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಥರಾನೇ: ಪೆಟ್ರೋಲ್ ಏರಿದ ಹಾಗೆ ಫ್ಲೋಟ್ ಏರುತ್ತೆ, ಅದರ ನಾಲಿಗೆ (ಬಗ್ಗಿಸಬಹುದಾದ ಸಣ್ಣ ತಗಡು) ನೀಡಲನ್ನು (ಮೊನಚು ಪಿನ್ನು) ಸೀಟಿಗೆ, ಅಂದರೆ ಪೆಟ್ರೋಲ್ ಬರುವ ತೂತಿಗೆ, ಒತ್ತುತ್ತೆ, ಸರಬರಾಜು ನಿಲ್ಲುತ್ತೆ. ಎಲ್ಲಿ ನಿಲ್ಲುತ್ತೋ ಅದೇ ಮಟ್ಟ. ಮಟ್ಟ ಮೇಲಿದ್ದರೆ ಗಾಳಿಯ ಕಡಿಮೆ ಎಳೆತಕ್ಕೇ ಜೆಟ್ಟಿನಿಂದ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಪೆಟ್ರೋಲ್ ಬರುತ್ತೆ, ಮಿಶ್ರಣ ರಿಚ್ ಆಗುತ್ತೆ, ಅಂದರೆ ಪೆಟ್ರೋಲ್ ಜಾಸ್ತಿ. ಕೆಳಗಿದ್ದರೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಮಟ್ಟ ಸರಿ ಇಲ್ಲದೆ ಜೆಟ್ ಬದಲಿಸುತ್ತಾ ಕೂರುವುದು ಸುಮ್ನೆ ಟೈಮ್ ವೇಸ್ಟ್.

ಫ್ಲೋಟ್ ಎತ್ತರ, ಅಂದರೆ ಗ್ಯಾಸ್ಕೆಟ್ ಕೂರುವ ಅಂಚಿನಿಂದ ಫ್ಲೋಟಿನ ಆಚೆ ತುದಿವರೆಗಿನ ದೂರ, ಸ್ಕೇಲಿನಿಂದ ಅಳೆದೆ. ಗ್ಯಾಸ್ಕೆಟ್ ತೆಗೆದು, ಕಾರ್ಬುರೇಟರನ್ನು ಓರೆ ಮಾಡಿ ಹಿಡಿದು, ನಾಲಿಗೆ ನೀಡಲಿನ ಹಿಂದಿನ ಸ್ಪ್ರಿಂಗ್ ಪಿನ್ನಿಗೆ ತಾಗಿಯೂ ತಾಗದ ಹಾಗೆ ಇದ್ದಾಗ ಅಳೆಯಬೇಕು. ಪೂರ್ತಿ ತಲೆಕೆಳಗು ಮಾಡಿದರೆ ಫ್ಲೋಟಿನ ಭಾರಕ್ಕೆ ಸ್ಪ್ರಿಂಗ್ ಅದುಮಿ ಅಳತೆ ತಪ್ಪುತ್ತೆ. ಇನ್ನೊಂದು ಗೊಂದಲ ಇಲ್ಲೇ ಹುಟ್ಟುವುದು: ಫ್ಲೋಟ್ ಎತ್ತರ ಜಾಸ್ತಿ ಅಂದರೆ ಪೆಟ್ರೋಲ್ ಮಟ್ಟ ಕಡಿಮೆ. ಎರಡೂ ಉಲ್ಟಾ. ನನ್ನವು ಎರಡೂ ಕಡೆ ಮ್ಯಾನುವಲ್ ಹೇಳಿದಷ್ಟೇ ಇದ್ದವು. ಹಾಗಾದರೆ ಎಡಗಡೆ ಯಾಕೆ ಉಕ್ಕುತ್ತಿದೆ?

ಆಗ ಪಾರದರ್ಶಕ ಪೈಪ್ ತಂದೆ. ಬೌಲಿನ ಡ್ರೈನ್ ನಿಪ್ಪಲಿಗೆ ಸಿಕ್ಕಿಸಿ, ಪೈಪನ್ನು ಮೇಲಕ್ಕೆತ್ತಿ ಬೌಲಿನ ಪಕ್ಕ ನೇರವಾಗಿ ಹಿಡಿದು, ಡ್ರೈನ್ ಸ್ಕ್ರೂ ಸಡಿಲಿಸಿದರೆ ಒಳಗಿನ ಮಟ್ಟ ಹೊರಗೆ ಕಾಣುತ್ತೆ. ಪೈಪ್ ತೀರಾ ಸಣ್ಣದಿರಬಾರದು, ಸಣ್ಣದರಲ್ಲಿ ಪೆಟ್ರೋಲ್ ತಾನಾಗೇ ಸ್ವಲ್ಪ ಮೇಲೆ ಹತ್ತಿ ನಿಲ್ಲುತ್ತೆ. ಒಮ್ಮೆ ತುಂಬಿದ ಮೇಲೆ ಪೈಪನ್ನು ಮೇಲೆತ್ತಲೂಬಾರದು, ಅದರೊಳಗಿನ ಪೆಟ್ರೋಲ್ ವಾಪಸ್ ಬೌಲಿಗೆ ಹೋಗಿ ಸುಳ್ಳು ಮಟ್ಟ ತೋರಿಸುತ್ತೆ. ಬೈಕು ಮೈನ್ ಸ್ಟ್ಯಾಂಡಿನಲ್ಲಿ, ಕಾರ್ಬುರೇಟರ್ ನೆಟ್ಟಗೆ. ಬಲಗಡೆ ಬೌಲ್ ಅಂಚಿನಿಂದ 3 ಮಿ.ಮೀ. ಕೆಳಗೆ, ಅಂದರೆ ಈ ಬೈಕಿಗೆ ಹೇಳಿದ ಜಾಗದಲ್ಲೇ ನಿಂತಿತು. ಎಡಗಡೆ ಅಂಚನ್ನೂ ದಾಟಿ ನಿಧಾನಕ್ಕೆ ಏರುತ್ತಲೇ ಇತ್ತು.

ಏರುತ್ತಲೇ ಇದೆ ಅಂದರೆ ನೀಡಲ್ ಮುಚ್ಚಿದ ಮೇಲೂ ಪೆಟ್ರೋಲ್ ಬರುತ್ತಿದೆ. ನೀಡಲಿನ ರಬ್ಬರ್ ತುದಿಯಲ್ಲಿ ಉಂಗುರದಂಥ ಗೀರು ಬಿದ್ದಿದೆಯಾ ಅಂತ ಲೆನ್ಸ್ ಹಿಡಿದು ನೋಡಿದೆ, ಇರಲಿಲ್ಲ. ಸೀಟ್ ಒಳಭಾಗವನ್ನು ಕಿವಿಗೆ ಹಾಕುವ ಹತ್ತಿಕಡ್ಡಿಗೆ ಮೆಟಲ್ ಪಾಲಿಶ್ ಹಚ್ಚಿ ಉಜ್ಜಿ ತೊಳೆದೆ. ವಾಲ್ವಿಗೆ ಹಾಕುವ ಗ್ರೈಂಡಿಂಗ್ ಪೇಸ್ಟನ್ನು ಮಾತ್ರ ಇಲ್ಲಿ ಹಚ್ಚಬೇಡಿ, ಸೀಟ್ ಮುಗಿದೇ ಹೋಗುತ್ತೆ. ಸೋರಿಕೆ ನಿಲ್ಲಲಿಲ್ಲ.

ಮುಂದಿನ ಪರೀಕ್ಷೆ ನನಗೆ ತುಂಬ ಹಿಡಿಸಿತು. ಕಾರ್ಬುರೇಟರ್ ತಲೆಕೆಳಗು ಮಾಡಿ, ಸೀಟಿನ ಸುತ್ತ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು, ಪೆಟ್ರೋಲ್ ಬರುವ ದಾರಿಯಲ್ಲಿ ಸಿರಿಂಜಿನಿಂದ ಮೆಲ್ಲಗೆ ಗಾಳಿ ತಳ್ಳಿದೆ. ಗುಳ್ಳೆ ನಡುವಿನಿಂದ ಬಂದರೆ ನೀಡಲ್ ತುದಿಯ ತಪ್ಪು. ನನಗೆ ಬಂದದ್ದು ಸೀಟಿನ ಹೊರಗಿನ ಅಂಚಿನಿಂದ. ಅಂದರೆ ಸೀಟಿನ ಸುತ್ತ ಇರುವ ರಬ್ಬರ್ ಉಂಗುರ, ಓ-ರಿಂಗ್! ಎಳೆದು ತೆಗೆದರೆ ಪ್ಲಾಸ್ಟಿಕ್ ಆಗಿಹೋಗಿತ್ತು, ಉಗುರಿಗೆ ಪುಡಿಯಾಯಿತು. ನೀಡಲ್ ಎಷ್ಟೇ ಹೊಸದು ಹಾಕಿದರೂ ಇದು ಹಿಂಬಾಗಿಲು, ಪೆಟ್ರೋಲ್ ಪಕ್ಕದಿಂದ ಇಳಿಯುತ್ತಲೇ ಇರುತ್ತೆ. ಪೆಟ್ರೋಲಿಗೆ ತಡೆಯುವ ವೈಟಾನ್ ರಿಂಗ್ ಹಾಕಿದೆ.

ಅಪ್‌ಡೇಟ್: ತೊಟ್ಟಿಕ್ಕುವುದು ನಿಂತಿತು. ಆದರೆ ಪೈಪ್ ಹಚ್ಚಿ ನೋಡಿದರೆ ಎಡಗಡೆ ಮಟ್ಟ ಇರಬೇಕಾದ್ದಕ್ಕಿಂತ ಇನ್ನೂ 2 ಮಿ.ಮೀ. ಮೇಲೆ. ಈ ಸಲ ಏರುತ್ತಿಲ್ಲ, ಅಲ್ಲೇ ನಿಂತಿದೆ. ಇದು ಸೋರಿಕೆ ಅಲ್ಲ, ಫ್ಲೋಟೇ ತಡವಾಗಿ ಮುಚ್ಚುತ್ತಿದೆ.

ಹಿತ್ತಾಳೆ ಫ್ಲೋಟ್ ಬಿಚ್ಚಿ ಕಿವಿ ಹತ್ತಿರ ಅಲುಗಾಡಿಸಿದೆ. ಒಳಗೆ ಚೂರು ಪೆಟ್ರೋಲ್ ಕುಲುಕಿತು. ಭಾರದ ಫ್ಲೋಟ್ ಪೆಟ್ರೋಲಿನಲ್ಲಿ ಜಾಸ್ತಿ ಮುಳುಗುತ್ತೆ, ಹಾಗಾಗಿ ಮಟ್ಟ ಇನ್ನಷ್ಟು ಏರಿದ ಮೇಲೇ ನೀಡಲ್ ಮುಚ್ಚುತ್ತೆ. ಪೆಟ್ರೋಲ್ ಇಲ್ಲದೆ ಸ್ಕೇಲಿನಲ್ಲಿ ಮಾಡುವ ಒಣ ಅಳತೆಯಲ್ಲಿ ಇದು ಕಾಣುವುದೇ ಇಲ್ಲ, ಸ್ಕೇಲಿಗೆ ತೂಕ ಗೊತ್ತಾಗಲ್ಲ ಅಲ್ವಾ. ಬಿಸಿ ನೀರಲ್ಲಿ ಮುಳುಗಿಸಿದಾಗ ಬೆಸುಗೆಯ ಒಂದು ಮೂಲೆಯಿಂದ ಗುಳ್ಳೆಗಳು ಬಂದವು. ಹತ್ತಿರ ಬೆಂಕಿ ಇರಬಾರದು, ನೀರನ್ನು ಬೇರೆ ಕಡೆ ಕಾಯಿಸಿ ತನ್ನಿ.

ಒಳಗೆ ಪೆಟ್ರೋಲ್ ಆವಿ ಇರುವ ಫ್ಲೋಟಿಗೆ ಕಾವು ತಾಗಿಸುವುದು ಅಪಾಯ. ಸಣ್ಣ ತೂತು ಕೊರೆದು, ಇದ್ದದ್ದನ್ನೆಲ್ಲ ಬಸಿದು, ವಾಸನೆ ಪೂರ್ತಿ ಹೋಗುವವರೆಗೆ ಬಯಲಲ್ಲಿ ಒಣಗಿಸಿದೆ. ಆಮೇಲೆ ಸಾಲ್ಡರಿಂಗ್ ಐರನ್ನಿನಿಂದ ಬಿರುಕು ಮುಚ್ಚಿ, ಆರಿದ ಮೇಲೆ ಕೊನೆಗೆ ತೂತು ಮುಚ್ಚಿದೆ. ತೂತು ಇಲ್ಲದೆ ಮಾಡಿದರೆ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಕರಗಿದ ಸೀಸವನ್ನು ಹೊರಗೆ ತಳ್ಳುತ್ತೆ. ಸೀಸ ಎಷ್ಟು ಕಡಿಮೆ ಹಾಕಿದರೂ ತೂಕ ಸ್ವಲ್ಪ ಏರುತ್ತೆ. ತೂಗಿ ನೋಡಿದರೆ ಬಲಗಡೆಯದಕ್ಕಿಂತ ಅರ್ಧ ಗ್ರಾಮ್ ಹತ್ತಿರ ಜಾಸ್ತಿ.

ಹಾಗಾಗಿ ಮ್ಯಾನುವಲ್ ಅಳತೆಯನ್ನು ಎಡಗಡೆಗೆ ಬಿಟ್ಟುಬಿಟ್ಟೆ. ನಾಲಿಗೆಯನ್ನು ನೀಡಲ್ ಕಡೆಗೆ ಒಂದು ಕೂದಲೆಳೆಯಷ್ಟು ಬಗ್ಗಿಸಿ, ಬೌಲ್ ಹಾಕಿ, ಪೈಪಿನಲ್ಲಿ ಮಟ್ಟ ನೋಡಿ, ಮತ್ತೆ ಬಿಚ್ಚಿ ಇನ್ನಷ್ಟು ಬಗ್ಗಿಸಿ, ಹೀಗೇ ಸಾಗಿತು. ನಾಲಿಗೆಯಲ್ಲಿ ಕಣ್ಣಿಗೆ ಕಾಣದಷ್ಟು ಬದಲಾದರೂ ಫ್ಲೋಟ್ ತುದಿಯಲ್ಲಿ ಅದು ಹಲವು ಪಟ್ಟಾಗುತ್ತೆ. ನೀಡಲ್ ಸೀಟಲ್ಲಿ ಇರುವಾಗ ಫ್ಲೋಟನ್ನು ಒತ್ತಿ ಬಗ್ಗಿಸಬೇಡಿ, ರಬ್ಬರ್ ತುದಿ ಹಾಳಾಗುತ್ತೆ. ಈಗ ಒಣ ಅಳತೆಯಲ್ಲಿ ಎರಡೂ ಫ್ಲೋಟ್ ಬೇರೆ ಬೇರೆ ಎತ್ತರ, ಪೈಪಿನಲ್ಲಿ ಮಾತ್ರ ಎರಡೂ ಕಡೆ 3 ಮಿ.ಮೀ. ಸ್ಕೇಲು ಮತ್ತು ಪೈಪ್ ಜಗಳ ಆಡಿದರೆ ನಾನು ಪೈಪಿನ ಪರ.

ಎಡಗಡೆ ಪ್ಲಗ್ ಈಗ ಕಂದು ಬಣ್ಣಕ್ಕೆ ತಿರುಗಿದೆ. ಕಾಕ್ ಆನ್ ಇಟ್ಟು ರಾತ್ರಿಯಿಡೀ ಬಿಟ್ಟರೂ ಕೆಳಗೆ ಹಾಸಿದ ಪೇಪರ್ ಒಣಗಿಯೇ ಇತ್ತು. ಐಡ್ಲಿಂಗಿನಲ್ಲಿ ಸ್ವಲ್ಪ ತಡವರಿಕೆ ಉಳಿದಿದೆ. ಹಿಂದೆ ಯಾರೋ ಜಾಸ್ತಿ ಪೆಟ್ರೋಲಿಗೆ ಸರಿಹೋಗಲಿ ಅಂತ ಎಡಗಡೆ ಪೈಲಟ್ ಸ್ಕ್ರೂವನ್ನು (ಐಡ್ಲಿಂಗಿನ ಮಿಶ್ರಣ ಹೊಂದಿಸುವ ಸ್ಕ್ರೂ) ಬಲಗಡೆಗಿಂತ ಬೇರೆ ಥರ ತಿರುಗಿಸಿಟ್ಟಿದ್ದಾರೆ, ಮುಂದಿನ ಕೆಲಸ ಅದೇ. ಎರಡನ್ನೂ ಒಂದೇ ಸುತ್ತಿಗೆ ತಂದು, ಆಮೇಲೆ ವ್ಯಾಕ್ಯೂಮ್ ಗೇಜ್ ಹಾಕಿ ಸಿಂಕ್ ಮಾಡುತ್ತೇನೆ, ಅಂದರೆ ಎರಡೂ ಕಾರ್ಬುರೇಟರ್ ಸಮನಾಗಿ ಕೆಲಸ ಮಾಡುವ ಹಾಗೆ ಹೊಂದಿಸುತ್ತೇನೆ.