ಲಗ್ನಕ್ಕೊಂದು ಖಣದ ಕುಬಸ

ಲಗ್ನಕ್ಕೆ ಇಳಕಲ್ ಸೀರೆ ಉಡ್ತೀನಿ ಅಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅದರ ಜೊತೆ ಹಳೇ ಕಾಲದ ಖಣದ ಕುಬಸ ತೊಡ್ತೀನಿ, ಮುಂದೆ ಗಂಟು ಹಾಕ್ತಾರಲ್ಲ ಅದು, ಅಂದಾಗ ಮಾತ್ರ ಎಲ್ಲರೂ ತಲೆ ಎತ್ತಿದರು. ಎಲ್ಲರಿಗಿಂತ ಜೋರಾಗಿ ತಕರಾರು ತೆಗೆದದ್ದು ನಮ್ಮ ಅಜ್ಜಿ. "ಹೊಲಕ್ಕ ಹೋಗೂಮುಂದ ತೊಡೂ ಕುಬಸ ಅದು. ಲಗ್ನದಾಗ ಯಾಕವಾ ನಿನಗ? ಚಂದಂಗ ರೇಶಿಮಿ ಬ್ಲೌಸ್ ಹೊಲಿಸ್ಕೋ" ಅಂದಳು. ಆಕೆ ಹುಡುಗಿಯಾಗಿದ್ದಾಗಿಂದ ಅದನ್ನೇ ತೊಟ್ಟವಳು. ನನ್ನ ಕಣ್ಣಿಗೆ ಚಂದ ಕಾಣೋದು ಆಕೆಗೆ ದಿನಾ ತೊಟ್ಟು ಬೇಸತ್ತ ಬಟ್ಟೆ. ಅದೂ ಸರಿಯೇ ಅಲ್ವಾ?

ಖಣಕ್ಕೇನೂ, ಅಂದರೆ ಕುಬಸ ಹೊಲಿಯುವ ದಡಿ ಬಟ್ಟೆಗೇನೂ, ಬರ ಇರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಖಣ ಇಡುತ್ತಾರೆ. ತ್ರಿಕೋನವಾಗಿ ಮಡಚಿದ ಆ ಖಣಗಳು ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತವೆ, ಹೊಲಿಗೆ ಮಾತ್ರ ಕಾಣೋದಿಲ್ಲ. ಅಮ್ಮನ ಟ್ರಂಕಿನಲ್ಲೂ ಒಂದು ರಾಶಿ ಇತ್ತು. ಆದರೆ ಬಹುತೇಕ ಎಲ್ಲಾ ಪಾಲಿಯೆಸ್ಟರ್. ಹಾಗಾಗಿ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡಕ್ಕೇ ಹೋಗಿ, ಕೈಮಗ್ಗದ ಖಣ ತಂದೆವು. ಕಡುಹಸಿರು ಮೈ, ಎರಡೂ ಅಂಚಿಗೆ ಕೆಂಪು ದಡಿ. ಮೈತುಂಬ ಸಣ್ಣ ಸಣ್ಣ ತೇರು.

ಸೀರೆಯದು ಬೇರೆ ಕಥೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಹೂಡುವ ಉದ್ದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿ ತೆನೆ ಸಾಲು ಬರುವ ಆ ಟೋಪ್ ತೆನಿ ಸೆರಗಿಗೆ ಇಷ್ಟೆಲ್ಲ ಕೈಕೆಲಸ. ಅಂಥ ಸೀರೆಗೆ ಬೆನ್ನಿಗೆ ಝಿಪ್ ಇರೋ ಬ್ಲೌಸ್ ಹಾಕೋಕೆ ನನಗೆ ಮನಸ್ಸು ಬರಲಿಲ್ಲ.

ಹೊಲಿಯುವವರನ್ನು ಹುಡುಕೋದೇ ದೊಡ್ಡ ಕೆಲಸವಾಯಿತು. ಬೆಂಗಳೂರಿನ ಒಂದು ಬೊಟಿಕ್‌ನಲ್ಲಿ ಮೊದಲು ಕೇಳಿದ್ದು, "ಮಾಡೆಲ್ ತೋರಿಸಿ ಮೇಡಂ" ಅಂತ. ಫೋಟೋ ತೋರಿಸಿದೆ. ದಡಿ ಕತ್ತರಿಸಿ ತೋಳಿಗೆ ಪಟ್ಟಿ ಥರ ಹಚ್ಚುತ್ತೇವೆ, ಪ್ರಿನ್ಸೆಸ್ ಕಟ್ ಇಡೋಣ, ಪ್ಯಾಡ್ ಹಾಕೋಣ, ಗಂಟು ಸುಮ್ನೆ ಶೋಗೆ ಮುಂದೆ ಕೂರಿಸೋಣ ಅಂದರು. ಕೂಲಿ ಕೇಳಿದರೆ ನಾಲ್ಕಂಕಿ, ಅದೂ ಖಣದ ಬೆಲೆಯ ಎಷ್ಟೋ ಪಟ್ಟು. ಹುಬ್ಬಳ್ಳಿಯಲ್ಲಿ ಅಮ್ಮನ ಖಾಯಂ ಟೇಲರ್ ಮಾತ್ರ ನೇರವಾಗಿ ಹೇಳಿದರು: "ಅದು ನನಗ ಬರೂದಿಲ್ಲ ತಂಗಿ. ಸುಮ್ನ ಖಣ ಕೆಡಸ್ತೀನಿ." ಅವರ ಮೇಲೆ ಗೌರವ ಜಾಸ್ತಿಯೇ ಆಯಿತು.

ಕೊನೆಗೆ ದಾರಿ ತೋರಿಸಿದ್ದು ಬಳೆ ಇಡಿಸಲು ಬರುವ ಅಕ್ಕ. ಯಾವ ಮನೆಯಲ್ಲಿ ಯಾರು ಏನು ತೊಡುತ್ತಾರೆ ಅನ್ನೋದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರೋದಿಲ್ಲ. ಹಳೇ ಹುಬ್ಬಳ್ಳಿಯ ಒಂದು ಸಂದಿಯಲ್ಲಿ ಒಬ್ಬರು ಮೌಶಿ ಇದ್ದಾರೆ, ಈಗ ಲಂಗ, ದಿಂಬಿನ ಚೀಲ, ಶಾಲೆ ಯುನಿಫಾರ್ಮ್ ಹೊಲಿಯುತ್ತಾರೆ, ಕುಬಸ ಕೇಳುವವರು ಬಂದರೆ ಅದನ್ನೂ ಹೊಲಿಯುತ್ತಾರೆ ಅಂದರು.

ಮೌಶಿ ಮಾಡೆಲ್ ಕೇಳಲೇ ಇಲ್ಲ. ಖಣ ಕೈಗೆ ತಗೊಂಡು ಎರಡು ಬೆರಳಿನ ನಡುವೆ ತಿಕ್ಕಿ ನೋಡಿದರು. "ಮಗ್ಗದ್ದ ಐತಿ" ಅಂದರು. ಆಮೇಲೆ ದಡಿಯನ್ನೇ ನನ್ನ ತೋಳಿಗೆ ಸುತ್ತಿ, ಸೇರುವ ಕಡೆ ಉಗುರಿನಿಂದ ಗೀರಿದರು. ಖಣದ ಅಗಲ ಮಾಮೂಲಿ ಬ್ಲೌಸ್ ಬಟ್ಟೆಗಿಂತ ಕಡಿಮೆ. ಎರಡೂ ಅಂಚಿಗೆ ದಡಿ ಇರುತ್ತೆ. ದಡಿ ತೋಳಿನ ತುದಿಗೂ ಎದೆಯ ಕೆಳಗಿನ ಪಟ್ಟಿಗೂ ತಾನಾಗಿಯೇ ಬರುವ ಹಾಗೆ ಮಡಚಿಕೊಳ್ಳಬೇಕು. ಬೊಟಿಕ್‌ನವರು ನನ್ನ ಮೈ ಅಳತೆಯಿಂದ ಶುರು ಮಾಡಿ ಬಟ್ಟೆಯನ್ನು ಅದಕ್ಕೆ ಬಗ್ಗಿಸೋಕೆ ಹೊರಟಿದ್ದರು. ಈಕೆ ಬಟ್ಟೆಯಿಂದ ಶುರು ಮಾಡಿದರು.

ಚಾಕ್ ಇಲ್ಲ, ಕಾಗದ ಇಲ್ಲ. ಚಾಪೆ ಮೇಲೆ ಖಣ ಹಾಸಿ, ಮಡಚಿ, ಮಡಿಕೆಯ ಮೇಲೆ ಹೆಬ್ಬೆರಳು ಎಳೆದು ಕತ್ತರಿ ಇಟ್ಟರು. ನನ್ನ ಎದೆ ಧಸಕ್ ಅಂತು. ಉಳಿದ ಸಣ್ಣ ಚೌಕದ ತುಂಡನ್ನು ಎತ್ತಿ ತೋರಿಸಿ, "ಇದು ಕಂಕುಳಿಗೆ" ಅಂದರು. ಅದನ್ನು ಮೂಲೆಯಿಂದ ಮೂಲೆಗೆ ಮಡಚಿ ತೋಳಿಗೂ ಬದಿಗೂ ನಡುವೆ ಸೇರಿಸಿದಾಗಲೇ ಆ ಕುಬಸದ ಜಾಣತನ ನನಗೆ ಕಂಡದ್ದು. ಕೈ ಎಷ್ಟು ಎತ್ತಿದರೂ ಹೊಲಿಗೆ ಜಗ್ಗೋದಿಲ್ಲ, ಕುಬಸ ಮೇಲೆ ಸರಿಯೋದಿಲ್ಲ. ನೀರು ಸೇದುವ, ರೊಟ್ಟಿ ಬಡಿಯುವ, ಕಳೆ ಕೀಳುವ ಮೈಗೆ ಹೊಲಿದ ಬಟ್ಟೆ ಅದು. ನಮ್ಮ ಈಗಿನ ಬ್ಲೌಸ್‌ಗಳಲ್ಲಿ ಬಸ್ಸಿನ ಕಂಬಿ ಹಿಡಿಯೋದೇ ಕಷ್ಟ.

ಒಂದು ವಿಷಯಕ್ಕೆ ಮಾತ್ರ ನಮ್ಮಿಬ್ಬರಿಗೆ ಜಟಾಪಟಿ ಆಯಿತು. ಬರೀ ಗಂಟು ಸಾಕು, ಹುಕ್ ಬೇಡ ಅಂತ ನಾನು. ಮೌಶಿ ಕನ್ನಡಕ ಹಣೆಗೆ ಏರಿಸಿ, "ಲಗ್ನದ ದಿನ ಹತ್ತು ಮಂದಿ ಕಾಲಿಗೆ ಬಗ್ಗಿ ಬೀಳಾಕಿ ನೀನು. ಗಂಟು ಸಡಿಲಾದ್ರ ಕಟ್ಟಾಕ ನಾ ಬರ್ಲೇನು?" ಅಂದರು. ಗಂಟಿನ ಹಿಂದೆ ಎರಡು ಹುಕ್ ಬಂದವು. ಒಳಗೆ ಎದೆ ಭಾಗಕ್ಕಷ್ಟೇ ಮಲ್ ಬಟ್ಟೆಯ ಲೈನಿಂಗ್, ತೋಳಿಗೆ ಇಲ್ಲ. ಹಳೇ ಕಾಲದ್ದು ಹಾಗೇ ಇರಬೇಕು ಅನ್ನುವ ಹಟ ನನ್ನದು. ಅವರಿಗೆ ಅಂಥದ್ದೇನೂ ಇರಲಿಲ್ಲ.

ಲಗ್ನದ ದಿನ ಮೇಕಪ್ ಹುಡುಗಿ "ತುಂಬಾ ಸಿಂಪಲ್ ಆಯ್ತಲ್ಲ ಅಕ್ಕಾ" ಅಂತ ಮುಖ ಸಣ್ಣ ಮಾಡಿದಳು. ಫೋಟೋದವನು ಸೆರಗಿನಿಂದ ಗಂಟು ಮುಚ್ಚಿಕೊಳ್ಳಿ ಅಂದ. ಮುಚ್ಚಲಿಲ್ಲ. ಎತ್ತರದ ವರನಿಗೆ ಮಾಲೆ ಹಾಕೋಕೆ ಎರಡೂ ಕೈ ಮೇಲೆತ್ತಿದಾಗ ಎಲ್ಲೂ ಬಿಗಿಯಲಿಲ್ಲ. ಅಕ್ಕಿಕಾಳು ಬಿದ್ದ ಮೇಲೆ ಅಜ್ಜಿ ಹತ್ತಿರ ಬಂದು, ತೋಳಿನ ದಡಿ ಮುಟ್ಟಿ, ಕಂಕುಳ ಹೊಲಿಗೆಯನ್ನೂ ತಿರುವಿ ನೋಡಿದಳು. "ಹೊಲಿಗಿ ಚೊಲೋ ಐತಿ. ಗಂಟು ಸಣ್ಣದಾತು" ಅಂದಳು.

ಈಗ ಚಿಕ್ಕಪ್ಪನ ಮಗಳಿಗೂ ಅಂಥದ್ದೇ ಬೇಕಂತೆ. ಆದರೆ ಬೆನ್ನು ಆಳ ಇರಬೇಕು, ಕೆಳಗೆ ದಾರಕ್ಕೆ ಗೊಂಡೆ ಇರಬೇಕು. ಮೌಶಿ ಬೈತಾರೆ ಅಂದುಕೊಂಡು ಹೆದರುತ್ತಲೇ ಫೋನ್ ಮಾಡಿದೆ. ಅವರು ತಣ್ಣಗೆ, "ಹೊಲಿದ್ರಾತು, ಬಿಡು. ಗೊಂಡೇಕ ಬ್ಯಾರೆ ರೊಕ್ಕ" ಅಂದರು.