ತೀರ್ಪುಗಳ ಪಟ್ಟಿ ಸಾಲದು

ಮಾನವ ಹಕ್ಕುಗಳ ಮೊಕದ್ದಮೆ ನಡೆಸುವ ಸಣ್ಣ ಸಂಘಟನೆಗಳಿಗೆ, ತಮ್ಮ ಪ್ರಕರಣದಂಥದ್ದೇ ಪ್ರಶ್ನೆಗೆ ಬೇರೆ ದೇಶಗಳ ನ್ಯಾಯಾಲಯಗಳು ಏನು ಹೇಳಿವೆ ಎಂದು ಹುಡುಕುವ ಪುರುಸೊತ್ತು ಇರುವುದಿಲ್ಲ. ವಿಶ್ವವಿದ್ಯಾಲಯಗಳ ಪ್ರೊ ಬೋನೊ ತಂಡಗಳು ನೆರವಾಗುವುದು ಅಲ್ಲೇ: ಅಧ್ಯಾಪಕರ ಉಸ್ತುವಾರಿಯಲ್ಲಿ ವಿದ್ಯಾರ್ಥಿಗಳು ಸಂಶೋಧನಾ ಟಿಪ್ಪಣಿ ಬರೆದುಕೊಡುತ್ತಾರೆ, ಶುಲ್ಕವಿಲ್ಲದೆ. ಕಕ್ಷಿದಾರರಿಗೆ ನೇರವಾಗಿ ಸಲಹೆ ಕೊಡುವುದು ಈ ತಂಡಗಳ ಕೆಲಸವಲ್ಲ. ಅದು ವಕೀಲರದು.

ಕೆಲಸ ಕೆಡುವುದು ಹೆಚ್ಚಾಗಿ ಮೊದಲ ವಾರದಲ್ಲೇ. ‘ಮರಣದಂಡನೆ ಬಗ್ಗೆ ಹೊರದೇಶಗಳ ಕಾನೂನು ಬೇಕು’ ಎಂದು ವಕೀಲರು ಕೇಳಿದರೆ ಅದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ‘ಕಡ್ಡಾಯ ಮರಣದಂಡನೆ ವಿಧಿಸುವ ಕಲಮನ್ನು ಯಾವ ನ್ಯಾಯಾಲಯಗಳು, ಯಾವ ಹಕ್ಕಿನ ಆಧಾರದ ಮೇಲೆ ರದ್ದುಮಾಡಿವೆ?’ ಎಂಬಷ್ಟು ಕಿರಿದಾಗುವವರೆಗೆ ಅವರೊಂದಿಗೆ ಮಾತಾಡಬೇಕು. ಅರ್ಜಿಯ ಕರಡು, ಸಲ್ಲಿಕೆಯ ಕೊನೆಯ ದಿನ, ಪುಟಮಿತಿ, ಈ ಮೂರನ್ನೂ ಆಗಲೇ ಕೇಳಿ ಪಡೆಯಿರಿ. ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಮೂರನೆಯವರ (ಪ್ರಕರಣದಲ್ಲಿ ಕಕ್ಷಿಯಲ್ಲದವರ) ಲಿಖಿತ ವಾದಕ್ಕೆ ಸಾಮಾನ್ಯವಾಗಿ ಸಿಗುವುದು 10 ಪುಟ. ನೀವು ಕೊಟ್ಟ 80 ಪುಟಗಳನ್ನು ಕತ್ತರಿಸುತ್ತ ಕೂರಲು ವಕೀಲರಿಗೆ ಸಮಯವಿರುವುದಿಲ್ಲ.

ಮುಂದಿನದು ದೇಶಗಳ ಆಯ್ಕೆ. ತಮಗೆ ಅನುಕೂಲವಾದ ತೀರ್ಪು ಕೊಟ್ಟ ದೇಶಗಳನ್ನಷ್ಟೇ ಆರಿಸುವ ಆಸೆ ಎಲ್ಲರಿಗೂ ಬರುತ್ತದೆ. ಎದುರು ಪಕ್ಷದ ವಕೀಲರು ಉಳಿದವನ್ನು ಎತ್ತಿ ತೋರಿಸಿದ ಕ್ಷಣ ಇಡೀ ಟಿಪ್ಪಣಿಯ ಮೇಲಿನ ನಂಬಿಕೆ ಹೋಗುತ್ತದೆ. ವಿರುದ್ಧದ ತೀರ್ಪನ್ನು ಬಚ್ಚಿಡದೆ ಎದುರಿಸುವುದು ಹೇಗೆಂದು ಕಲಿಯಬೇಕಾದರೆ ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯ 1995ರಲ್ಲಿ ಮಕ್ವಾನ್ಯಾನೆ ಪ್ರಕರಣದಲ್ಲಿ ಮರಣದಂಡನೆಯನ್ನು ರದ್ದುಮಾಡಿ ಕೊಟ್ಟ ತೀರ್ಪನ್ನು ಓದಬೇಕು. ಮರಣದಂಡನೆಯನ್ನು ಎತ್ತಿಹಿಡಿದಿದ್ದ ಭಾರತದ 1980ರ ಬಚನ್ ಸಿಂಗ್ ತೀರ್ಪು ಆ ನ್ಯಾಯಾಲಯದ ಮುಂದಿತ್ತು. ನ್ಯಾಯಾಲಯ ಅದನ್ನು ತಪ್ಪು ಎನ್ನಲಿಲ್ಲ, ಕಡೆಗಣಿಸಲೂ ಇಲ್ಲ. ಎರಡು ಸಂವಿಧಾನಗಳ ಪಠ್ಯವೇ ಬೇರೆ, ಮರಣದಂಡನೆ ಇರುತ್ತದೆ ಎಂಬುದನ್ನು ಭಾರತದ ಸಂವಿಧಾನ ಒಪ್ಪಿಕೊಂಡೇ ಬರೆಯಲ್ಪಟ್ಟಿದೆ ಎಂದು ವ್ಯತ್ಯಾಸ ತೋರಿಸಿತು. ನಿಮ್ಮ ಟಿಪ್ಪಣಿಯಲ್ಲೂ ಪ್ರತಿ ದೇಶದ ಕೆಳಗೆ ಹಕ್ಕಿನ ವಿಧಿಯ ಪದಗಳು ಇದ್ದಂತೆಯೇ ಇರಲಿ. ಪದ ಬೇರೆಯಾದರೆ ಹೋಲಿಕೆಗೆ ಬಲವಿರುವುದಿಲ್ಲ.

ಒಡಂಬಡಿಕೆಗಳಲ್ಲಿ ಎಡವುವುದು ಸಹಿ ಮತ್ತು ಅನುಮೋದನೆಯ ನಡುವೆ: ದೇಶ ಒಡಂಬಡಿಕೆಗೆ ಬದ್ಧವಾಗುವುದು ಸಹಿಯಿಂದಲ್ಲ, ಅನುಮೋದನೆಯಿಂದ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಚೀನಾ 1998ರಲ್ಲಿ ಸಹಿ ಹಾಕಿದೆ, ಅನುಮೋದಿಸಿಲ್ಲ. ಅಮೆರಿಕ 1992ರಲ್ಲಿ ಅನುಮೋದಿಸಿತು, ಆದರೆ ಕೆಲವು ವಿಧಿಗಳಿಗೆ ತನ್ನ ತಕರಾರು ದಾಖಲಿಸಿ, ಮುಖ್ಯ ವಿಧಿಗಳು ತನ್ನ ನ್ಯಾಯಾಲಯಗಳಲ್ಲಿ ತಾವಾಗಿಯೇ ಜಾರಿಯಾಗವು ಎಂದು ಘೋಷಿಸಿತು. ಇಂಥ ಘೋಷಣೆಗಳ ಪೂರ್ಣಪಾಠ ವಿಶ್ವಸಂಸ್ಥೆಯ ಒಪ್ಪಂದಗಳ ಜಾಲತಾಣದಲ್ಲೇ ಸಿಗುತ್ತದೆ. ಪಠ್ಯಪುಸ್ತಕದ ಸಾರಾಂಶ ನೆಚ್ಚಬೇಡಿ.

ಪ್ರತಿ ತೀರ್ಪಿನ ಪಕ್ಕ ನಾಲ್ಕು ಸಂಗತಿ ಗುರುತಿಸಿ: ಯಾವ ಹಂತದ ನ್ಯಾಯಾಲಯ, ಬಹುಮತವೋ ಭಿನ್ನಮತವೋ, ಆ ಮಾತು ತೀರ್ಪಿನ ಆಧಾರವೋ ಪ್ರಾಸಂಗಿಕವೋ, ಇಂದಿಗೂ ಊರ್ಜಿತವೋ. ಕೊನೆಯದನ್ನು ಮರೆತರೆ ಆಗುವ ಹಾನಿ ದೊಡ್ಡದು. ಸಲಿಂಗ ಸಂಬಂಧವನ್ನು ಅಪರಾಧಮುಕ್ತಗೊಳಿಸಿದ ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ಸುಪ್ರೀಂ ಕೋರ್ಟು 2013ರಲ್ಲಿ ತಳ್ಳಿಹಾಕಿತು. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ 2013ರ ತೀರ್ಪನ್ನೇ ರದ್ದುಮಾಡಿತು. 2014ರಲ್ಲಿ ಹೈಕೋರ್ಟಿನ ತೀರ್ಪೊಂದನ್ನೇ ನಂಬಿ ಬರೆದ ಟಿಪ್ಪಣಿ ವಕೀಲರನ್ನು ಪೀಠದ ಮುಂದೆ ತಲೆತಗ್ಗಿಸುವಂತೆ ಮಾಡುತ್ತಿತ್ತು.

ಅಡಿಟಿಪ್ಪಣಿಗಳನ್ನು ಬರೆದವರಲ್ಲದೆ ಇನ್ನೊಬ್ಬರು ಮೂಲ ತೆರೆದು, ಪ್ಯಾರಾ ಸಂಖ್ಯೆಯ ಸಮೇತ ತಾಳೆ ನೋಡಲಿ. ಇಲ್ಲದ ತೀರ್ಪುಗಳನ್ನು ಎಐ ಸಲಕರಣೆಗಳು ಹೆಸರು, ವರ್ಷದೊಂದಿಗೆ ಹುಟ್ಟಿಸಿಕೊಡುವ ಈ ದಿನಗಳಲ್ಲಿ ಇದಕ್ಕೆ ಬೇರೆ ದಾರಿಯಿಲ್ಲ. ಮೊದಲ ಪುಟದಲ್ಲಿ ಒಂದೇ ಪ್ಯಾರಾದ ಉತ್ತರ, ಅದರ ಕೆಳಗೆ ‘ಈ ದಿನಾಂಕದವರೆಗಿನ ಕಾನೂನು’ ಎಂಬ ಸಾಲು ಇರಲಿ. ಅರ್ಜಿ ಸಲ್ಲಿಕೆಗೆ ಎರಡು ದಿನ ಮುಂಚೆ ಮತ್ತೊಮ್ಮೆ ಹುಡುಕಿ, ಆ ದಿನಾಂಕ ತಿದ್ದಿ ಕಳಿಸಿ.